ಹಳೆಯ ಕಾರಿಗೆ ಡಿಸ್ಕ್ ಬ್ರೇಕ್: ಅಳೆಯಬೇಕಾದ್ದು ಯಾವ ವ್ಯಾಸ?

ಹಳೆಯ ಫಿಯಾಟ್ ಅಥವಾ ಅಂಬಾಸಿಡರ್ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಸಿಗುವ ಮೊದಲ ಸಲಹೆ ‘ಮುಂದಿನ ಡ್ರಮ್ ತೆಗೆಸಿ, ಡಿಸ್ಕ್ ಹಾಕಿಸಿ’ ಎಂಬುದು. ಸಲಹೆ ಕೆಟ್ಟದ್ದಲ್ಲ. ಆದರೆ ಅದರ ಜೊತೆಗೆ ಬರುವ ಇನ್ನೆರಡು ಮಾತುಗಳು ವಿಮರ್ಶೆಗೆ ಒಳಗಾಗಬೇಕು. ಒಂದು, ‘ಡಿಸ್ಕ್ ದೊಡ್ಡದಾದಷ್ಟೂ ಒಳ್ಳೆಯದು’. ಇನ್ನೊಂದು, ‘ಬೋಲ್ಟ್ ಕೂತರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ’. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅಪಾಯಕಾರಿ ಸುಳ್ಳು. ಈ ಸುಳ್ಳನ್ನು ಗುರುತಿಸಲು ಬೇಕಾದ ಭೌತಶಾಸ್ತ್ರ ಪಿ.ಯು. ಮಟ್ಟದ್ದೇ ಆಗಿದ್ದರೂ ನಮ್ಮ ವಿದ್ಯಾರ್ಥಿಗಳು ಅದನ್ನು ಗುರುತಿಸುವುದಿಲ್ಲ ಎಂಬುದು ನನ್ನ ಇನ್ನೊಂದು ದೂರು.

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫಿಯಾಟ್ 1100ರ ವಂಶದ ಈ ಕಾರಿಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕ್. ಈ ಶತಮಾನದ ಆರಂಭದಲ್ಲಿ ಅದರ ಉತ್ಪಾದನೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದರ ಓಡಾಟ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಬೆಂಗಳೂರಿನ ಸುತ್ತಮುತ್ತ ಮಾತ್ರ ಮನೆಯ ಕಾರಾಗಿ ಇನ್ನೂ ಓಡುವ ಪದ್ಮಿನಿಗಳಿವೆ. ಅವುಗಳಿಗೆ ಬೇಕಾದ ಹಳೆಯ ಭಾಗಗಳನ್ನು ಜೆ.ಸಿ. ರಸ್ತೆಯಲ್ಲಿ ಹುಡುಕುವುದು, ಸಿಗದ ಬ್ರಾಕೆಟ್ಟನ್ನು ಪೀಣ್ಯದ ಲೇತ್, ಮಿಲ್ಲಿಂಗ್ ಯಂತ್ರಗಳಲ್ಲಿ ಮಾಡಿಸುವುದು, ಆಮೇಲೆ ತುಮಕೂರು ರಸ್ತೆಯಲ್ಲಿ ಓಡಿಸಿ ನೋಡುವುದು ವಾಡಿಕೆ. ಆ ರಸ್ತೆಯ ಮೇಲಿರುವ ಮಾದನಾಯಕನಹಳ್ಳಿಯಿಂದ ಸ್ವಲ್ಪ ಮುಂದೆ ನೆಲಮಂಗಲ. ಅಲ್ಲಿ ಹಾಸನ, ಮಂಗಳೂರಿನ ಹೆದ್ದಾರಿ ಕವಲೊಡೆಯುತ್ತದೆ. (ಮೊದಲು 4 ಆಗಿದ್ದ ತುಮಕೂರು ಹೆದ್ದಾರಿ ಈಗ 48, ಮೊದಲು 48 ಆಗಿದ್ದ ಮಂಗಳೂರು ಹೆದ್ದಾರಿ ಈಗ 75. ಹಳಬರೂ ಹೊಸಬರೂ ದಾರಿ ಹೇಳಿಕೊಳ್ಳುವಾಗ ಆಗುವ ಗೊಂದಲ ನೋಡುವಂಥದು.) ಅಂದರೆ ಇಲ್ಲಿ ಬ್ರೇಕ್ ಹಾಕಿಸಿಕೊಂಡ ಕಾರು ಅದೇ ವಾರ ಶಿರಾಡಿ ಘಾಟಿ ಇಳಿಯಬಹುದು. ಅದಕ್ಕೂ ಮೊದಲು, ಮುಂದೆ ಹೋಗುತ್ತಿರುವ ಲಾರಿ ಥಟ್ಟನೆ ನಿಂತಾಗ ತಾನೂ ನಿಲ್ಲಬೇಕಾಗಬಹುದು.

ಮಾದನಾಯಕನಹಳ್ಳಿಯ ಗ್ಯಾರೇಜೊಂದರಲ್ಲಿ ಪದ್ಮಿನಿಗೆ ಇಂಥ ಭಾಗಗಳನ್ನು ಹೊಂದಿಸುವುದನ್ನು ನೋಡಿದ್ದೇನೆ. ಕೆಲಸದಲ್ಲಿ ಅಸಡ್ಡೆ ಇರಲಿಲ್ಲ. ಡಿಸ್ಕಿನ ವ್ಯಾಸ, ಬೋಲ್ಟ್ ರಂಧ್ರಗಳ ವೃತ್ತ, ರಿಮ್ಮಿನ ಒಳಗೆ ಕ್ಯಾಲಿಪರ್‌ಗೆ ಉಳಿಯುವ ಜಾಗ, ಎಲ್ಲವನ್ನೂ ವರ್ನಿಯರ್ ಹಿಡಿದು ಅಳೆದಿದ್ದರು. ಕ್ಯಾಲಿಪರ್ ಒಳಗಿನ ಪಿಸ್ಟನ್ನಿನ ವ್ಯಾಸವನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಕಣ್ಣಿಗೆ ಕಾಣುವುದು ಡಿಸ್ಕ್, ಪಿಸ್ಟನ್ ಒಳಗಿರುತ್ತದೆ. ಈ ಲೇಖನದ ಮುಖ್ಯ ವಿಷಯ ಆ ಅಳೆಯದ ವ್ಯಾಸವೇ.

ನಮ್ಮ ಪಿ.ಯು. ತರಗತಿಗಳಲ್ಲಿ ಬಳಸುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ವಾಹನ ನಿಲ್ಲುವ ದೂರದ ಒಂದು ಉದಾಹರಣೆ ಬಹಳ ಕಾಲದಿಂದ ಬಂದಿದೆ. ಸೆಕೆಂಡಿಗೆ 11, 15, 20, 25 ಮೀಟರ್ ವೇಗಗಳಿಗೆ ನಿಲ್ಲುವ ದೂರ 10, 20, 34, 50 ಮೀಟರ್ ಎಂದು ಅದು ಕೊಡುತ್ತದೆ. ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ತೋರಿಸಲು ಉದಾಹರಣೆ ಚೆನ್ನಾಗಿದೆ. ಈ ಅಂಕಿಗಳಿಂದ ವೇಗ ತಗ್ಗುವ ದರವನ್ನು ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷದ ಸುಮಾರು 0.6 ಪಟ್ಟು, ಅಂದರೆ 0.6 ಜಿ ಬರುತ್ತದೆ. ನನ್ನ ಆಕ್ಷೇಪಣೆ ಉದಾಹರಣೆಯ ಬಗ್ಗೆ ಅಲ್ಲ, ನಾವು ಅಲ್ಲಿಗೇ ನಿಲ್ಲಿಸುವುದರ ಬಗ್ಗೆ. ಆ ಕಾರು ಒಂದು ಬಿಂದು. ಬಿಂದುವಿಗೆ ಮುಂದಿನ ಚಕ್ರ, ಹಿಂದಿನ ಚಕ್ರ ಎಂಬ ಭೇದವಿಲ್ಲ. ಹಾಗೆಯೇ ಘರ್ಷಣೆಯ ಪಾಠದಲ್ಲಿ ‘ಘರ್ಷಣಾ ಬಲ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ’ ಎಂದು ಬರೆಸುತ್ತೇವೆ. ಹಾಗಾದರೆ ದೊಡ್ಡ ಪ್ಯಾಡ್ ಏಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಉತ್ತರ ಸರಳ: ಪ್ಯಾಡಿನ ವಿಸ್ತೀರ್ಣ ಬ್ರೇಕಿನ ಬಲವನ್ನು ಹೆಚ್ಚಿಸುವುದಿಲ್ಲ, ಸವೆತವನ್ನೂ ಕಾವನ್ನೂ ಹಂಚುತ್ತದೆ. ಬಲವನ್ನು ನಿರ್ಧರಿಸುವ ವಿಸ್ತೀರ್ಣ ಬೇರೆಯದು, ಅದು ಪಿಸ್ಟನ್ನಿನದು.

ಡ್ರಮ್ಮಿಗೂ ಡಿಸ್ಕಿಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ಡ್ರಮ್ಮಿನಲ್ಲಿ ತಿರುಗುವ ದಿಕ್ಕಿಗೆ ಮುಖಮಾಡಿದ ಶೂವನ್ನು ಡ್ರಮ್ಮೇ ತನ್ನೆಡೆಗೆ ಎಳೆದುಕೊಳ್ಳುತ್ತದೆ, ಬೆಣೆ ತಾನಾಗಿ ಬಿಗಿದುಕೊಂಡಂತೆ. ಆದ್ದರಿಂದ ಸಣ್ಣ ಸಿಲಿಂಡರ್ ಕೊಟ್ಟ ಬಲ ಅಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಡಿಸ್ಕಿನಲ್ಲಿ ಈ ನೆರವಿಲ್ಲ. ಎರಡು ಪ್ಯಾಡುಗಳು ಎರಡು ಬದಿಯಿಂದ ಒತ್ತುತ್ತವೆ, ಅಷ್ಟೇ. ಘರ್ಷಣಾಂಕ 0.4 ಎಂದರೆ ಡಿಸ್ಕಿನ ಗುಣಕ ಅದರ ಎರಡರಷ್ಟು, 0.8. ಮುಂದಕ್ಕೆ ಎಳೆಯುವ ಎರಡು ಶೂಗಳಿರುವ ಡ್ರಮ್ಮಿನ ಗುಣಕ ಸುಲಭವಾಗಿ 3ರ ಆಸುಪಾಸು ಇರಬಹುದು. ಈ ಕೊರತೆಯನ್ನು ತುಂಬಲೆಂದೇ ಕ್ಯಾಲಿಪರ್‌ಗೆ ದಪ್ಪ ಪಿಸ್ಟನ್ ಇರುತ್ತದೆ.

ಈಗ ಅಂಕಿಗಳು. ಇವು ಯಾವುದೇ ಮಾದರಿಯ ಅಧಿಕೃತ ಅಳತೆಗಳಲ್ಲ. ಪದ್ಮಿನಿಯ ಗಾತ್ರದ ಕಾರಿಗೆ ಒಪ್ಪುವ, ಲೆಕ್ಕಕ್ಕಾಗಿ ಇಟ್ಟುಕೊಂಡ ಅಳತೆಗಳು. ಮುಂದಿನ ಡ್ರಮ್ಮಿನ ತ್ರಿಜ್ಯ 125 ಮಿ.ಮೀ., ಅದರ ಸಿಲಿಂಡರಿನ ವ್ಯಾಸ 25.4 ಮಿ.ಮೀ. ಇರಲಿ. ಎಣ್ಣೆಯ ಒತ್ತಡ 1 ಮೆಗಾಪ್ಯಾಸ್ಕಲ್ ಆದಾಗ ಸಿಲಿಂಡರ್ ಕೊಡುವ ಬಲ 507 ನ್ಯೂಟನ್. ಗುಣಕ 3ರಿಂದಲೂ ತ್ರಿಜ್ಯದಿಂದಲೂ ಗುಣಿಸಿದರೆ ಚಕ್ರದ ಮೇಲಿನ ಟಾರ್ಕ್ ಸುಮಾರು 190 ನ್ಯೂಟನ್ ಮೀಟರ್. ಇದರ ಬದಲು, ಪ್ಯಾಡ್ 100 ಮಿ.ಮೀ. ತ್ರಿಜ್ಯದಲ್ಲಿ ಒತ್ತುವ ಡಿಸ್ಕ್, 48 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರ್ ಹಾಕಿದರೆ ಅದೇ ಒತ್ತಡಕ್ಕೆ ಸಿಗುವ ಟಾರ್ಕ್ 145 ಮಾತ್ರ. ಹೊಸ ಡಿಸ್ಕ್ ಹಳೆಯ ಡ್ರಮ್ಮಿಗಿಂತ ದುರ್ಬಲ!

‘ಇದೇನು ಮಹಾ, ಪೆಡಲನ್ನು ಇನ್ನಷ್ಟು ಒತ್ತಿದರಾಯಿತು’ ಎನ್ನಬಹುದು. ಒತ್ತುತ್ತೇವೆ ನಿಜ. ಆಗ ಒತ್ತಡ ಹೆಚ್ಚುವುದು ಮುಂದಿನ ಚಕ್ರಗಳಿಗೆ ಮಾತ್ರವಲ್ಲ. ಹಿಂದೆ ಹಳೆಯ ಡ್ರಮ್ ಹಾಗೆಯೇ ಇದೆ, ಅದಕ್ಕೂ ಅದೇ ಒತ್ತಡ ಹೋಗುತ್ತದೆ. ಮುಂದೆ ಮೊದಲಿನಷ್ಟೇ ಟಾರ್ಕ್ ಪಡೆಯಲು ಒತ್ತಡವನ್ನು ಶೇ. 31ರಷ್ಟು ಏರಿಸಿದಾಗ ಹಿಂದಿನ ಚಕ್ರಗಳ ಬ್ರೇಕೂ ಶೇ. 31ರಷ್ಟು ಬಿಗಿಯಾಗುತ್ತದೆ. ಮುಂದಿನ ಬ್ರೇಕನ್ನು ‘ಉತ್ತಮ’ಪಡಿಸಲು ಹೊರಟವರು ಹಿಂದಿನ ಬ್ರೇಕನ್ನು ಬಲಪಡಿಸಿದಂತಾಯಿತು.

ಹಿಂದಿನ ಬ್ರೇಕ್ ಬಲವಾದರೆ ಏನು ತೊಂದರೆ? ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುವುದನ್ನು ಎಲ್ಲರೂ ನೋಡಿದ್ದೇವೆ. ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಪದ್ಮಿನಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.34 ಮೀಟರ್. ಗುರುತ್ವಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ, ನಿಂತಾಗ ಭಾರ ಹಿಂದೆ ಮುಂದೆ ಸಮಾನವಾಗಿದೆ ಎಂದುಕೊಳ್ಳೋಣ. ಎತ್ತರವನ್ನು ಈ ದೂರದಿಂದ ಭಾಗಿಸಿದರೆ 0.235. ವೇಗ ತಗ್ಗುವ ದರ 0.7 ಜಿ ಆದಾಗ ಹಿಂದಿನ ಚಕ್ರಗಳ ಮೇಲೆ ಉಳಿಯುವ ಪಾಲು 0.5ರಲ್ಲಿ 0.165 ಕಳೆದು ಸುಮಾರು ಮೂರನೇ ಒಂದು ಭಾಗ. ಹಿಂದಿನ ಬ್ರೇಕಿನ ಪಾಲು ಇದಕ್ಕಿಂತ ಹೆಚ್ಚಾದರೆ ಹಿಂದಿನ ಚಕ್ರಗಳೇ ಮೊದಲು ಉರುಳುವುದನ್ನು ನಿಲ್ಲಿಸಿ ಜಾರುತ್ತವೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಲಾಕ್’ ಆಗುತ್ತವೆ.

ಲಾಕ್ ಆದ ಟೈರಿಗೆ ಪಕ್ಕಕ್ಕೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮುಂದಿನ ಚಕ್ರಗಳು ಲಾಕ್ ಆದರೆ ಸ್ಟಿಯರಿಂಗ್ ಕೆಲಸ ಮಾಡದು, ಆದರೆ ಕಾರು ನೇರವಾಗಿಯೇ ಜಾರುತ್ತದೆ. ಹಿಂದಿನವು ಮೊದಲು ಲಾಕ್ ಆದರೆ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಟು ಕಾರು ಗಿರಕಿ ಹೊಡೆಯುತ್ತದೆ. ಎರಡೂ ಕೆಟ್ಟದ್ದೇ, ಎರಡನೆಯದು ಬಹಳ ಕೆಟ್ಟದ್ದು. ಆದ್ದರಿಂದಲೇ ಈಗಿನ ಕಾರುಗಳಿಗೆ ಅನ್ವಯಿಸುವ ವಿಶ್ವಸಂಸ್ಥೆಯ 13-ಎಚ್ ನಿಯಮಾವಳಿ, ವೇಗ ತಗ್ಗುವ ದರ 0.15ರಿಂದ 0.8 ಜಿ ಇರುವವರೆಗೆ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಲಾಕ್ ಆಗುವ ಸ್ಥಿತಿ ಬರಕೂಡದು ಎಂದು ಬಯಸುತ್ತದೆ. ಹಳೆಯ ಕಾರಿಗೆ ಈ ನಿಯಮ ಅನ್ವಯಿಸದಿದ್ದರೂ ಅಳತೆಗೋಲಾಗಿ ಬಳಸಿಕೊಳ್ಳಲು ಅಡ್ಡಿಯಿಲ್ಲ.

ಹಿಂದಿನ ಡ್ರಮ್ ಪ್ರತಿ ಮೆಗಾಪ್ಯಾಸ್ಕಲ್‌ಗೆ 79 ನ್ಯೂಟನ್ ಮೀಟರ್ ಕೊಡುತ್ತದೆ ಎಂದುಕೊಳ್ಳೋಣ. ಮೂಲ ಸ್ಥಿತಿಯಲ್ಲಿ ಒಟ್ಟು 190 ಮತ್ತು 79, ಹಿಂದಿನ ಪಾಲು 0.294. ಇದು ಹಿಂದಿನ ಭಾರದ ಪಾಲಿಗೆ ಸಮವಾಗುವುದು 0.88 ಜಿಯಲ್ಲಿ. ಅಲ್ಲಿಯವರೆಗೆ ಕಾರು ಸುರಕ್ಷಿತ. 48 ಮಿ.ಮೀ. ಕ್ಯಾಲಿಪರ್ ಹಾಕಿದ ಮೇಲೆ 145 ಮತ್ತು 79, ಹಿಂದಿನ ಪಾಲು 0.353. ಗಡಿ 0.63 ಜಿಗೆ ಇಳಿಯಿತು. ಅಳತೆಗೋಲಿನಲ್ಲಿ ಪಾಸಾಗಿದ್ದ ಕಾರು ಈಗ ನಪಾಸು.

ಈ ದೋಷ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬುದೇ ನನಗೆ ಹೆಚ್ಚು ಆತಂಕದ ವಿಷಯ. ಗ್ಯಾರೇಜಿನ ಮುಂದೆ 30 ಕಿ.ಮೀ. ವೇಗದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ ನೋಡಿದಾಗ ದರ 0.63 ಜಿ ತಲುಪುವುದೇ ಇಲ್ಲ. ಮಳೆಯಲ್ಲಿ ರಸ್ತೆ ಜಾರುತ್ತಿದ್ದಾಗ ಮುಂದಿನ ಚಕ್ರಗಳೇ ಮೊದಲು ಲಾಕ್ ಆಗುತ್ತವೆ. ಎಲ್ಲ ಸರಿಯಿದೆ ಎನಿಸುತ್ತದೆ. ಒಣಗಿದ, ಒಳ್ಳೆಯ ಡಾಂಬರು ರಸ್ತೆಯಲ್ಲಿ, ಜೀವ ಉಳಿಸಿಕೊಳ್ಳಲು ಪೂರ್ತಿ ಒತ್ತಿದಾಗ ಮಾತ್ರ ಕಾರಿನ ಹಿಂಭಾಗ ಪಕ್ಕಕ್ಕೆ ಹೊರಡುತ್ತದೆ. ‘ಆರು ತಿಂಗಳಿಂದ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ’ ಎಂಬುದು ಇಲ್ಲಿ ಸಾಕ್ಷ್ಯವಲ್ಲ.

ಬೂಸ್ಟರ್ ಹಾಕಿದರೆ? ಪೆಡಲ್ ಹಗುರವಾಗುತ್ತದೆ, ಅದು ನಿಜ. ಆದರೆ ಬೂಸ್ಟರ್ ಒತ್ತಡವನ್ನು ಹಿಂದೆ ಮುಂದೆ ಎರಡೂ ಕಡೆಗೆ ಸಮನಾಗಿ ಏರಿಸುತ್ತದೆ. ಪಾಲು ಬದಲಾಗುವುದಿಲ್ಲ, 0.63ರ ಗಡಿ ಕದಲುವುದಿಲ್ಲ. ಈಗ ಆ ಗಡಿಯನ್ನು ಇನ್ನೂ ಸುಲಭವಾಗಿ ಮುಟ್ಟಬಹುದು, ಅಷ್ಟೇ ವ್ಯತ್ಯಾಸ.

ಮದ್ದು ಬೇರೆ ಕಡೆ ಇದೆ. ಅದೇ ಡಿಸ್ಕ್, ಅದೇ ಪ್ಯಾಡ್ ಇಟ್ಟುಕೊಂಡು 54 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರ್ ಆರಿಸಿದರೆ ಟಾರ್ಕ್ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿ ಏರಿ ಸುಮಾರು 183 ಆಗುತ್ತದೆ. ಗಡಿ ಮತ್ತೆ 0.85 ಜಿ. ಕಣ್ಣಿಗೆ ಕಾಣದ 6 ಮಿಲಿಮೀಟರ್ ಇಷ್ಟು ಕೆಲಸ ಮಾಡುತ್ತದೆ. ಹಾಗೆಂದು ಭಾರಿ ಕಾರೊಂದರ 60 ಮಿ.ಮೀ. ಪಿಸ್ಟನ್ ತಂದು ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗುವ ಭಯವೇನೋ ಹೋಗುತ್ತದೆ, ಆದರೆ ಅವು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ. ರಸ್ತೆಯ ಘರ್ಷಣಾಂಕ 0.8 ಇರುವಾಗ, ಯಾವ ಚಕ್ರವೂ ಲಾಕ್ ಆಗದಂತೆ 80 ಕಿ.ಮೀ. ವೇಗದಿಂದ ನಿಲ್ಲಲು 54 ಮಿ.ಮೀ. ಕ್ಯಾಲಿಪರ್‌ಗೆ 32 ಮೀಟರ್ ಸಾಕಾದರೆ 60ಕ್ಕೆ 35 ಮೀಟರ್ ಬೇಕು. ಪಿಸ್ಟನ್ ದಪ್ಪವಾದಷ್ಟೂ ಹೆಚ್ಚು ಎಣ್ಣೆ ಬೇಕು, ಪೆಡಲ್ ಹೆಚ್ಚು ಕೆಳಗೆ ಹೋಗುತ್ತದೆ. ಆಗ ಕೆಲವರು ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕುತ್ತಾರೆ. 19 ಮಿ.ಮೀ.ನಿಂದ 22 ಮಿ.ಮೀ.ಗೆ ಹೋದರೆ ಪೆಡಲ್ ಮೇಲೇನೋ ನಿಲ್ಲುತ್ತದೆ, ಕಾಲು ಕೊಡಬೇಕಾದ ಬಲ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಒಂದು ಎಚ್ಚರಿಕೆ: ಒಂದೇ ಬದಿಯಲ್ಲಿ ಪಿಸ್ಟನ್ ಇದ್ದು ಜಾರುವ ಬಗೆಯ ಕ್ಯಾಲಿಪರ್ ಮತ್ತು ಎದುರುಬದುರು ಎರಡು ಪಿಸ್ಟನ್ ಇರುವ ಕ್ಯಾಲಿಪರ್ ಇವುಗಳನ್ನು ಹೋಲಿಸುವಾಗ ಒಂದು ಬದಿಯ ವಿಸ್ತೀರ್ಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಎರಡು ಪಿಸ್ಟನ್ ಇದೆಯೆಂದು ಬಲ ಇಮ್ಮಡಿಯಾಗುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ಸಿಗಲಾರದು.

ಮಾಸ್ಟರ್ ಸಿಲಿಂಡರಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಡ್ರಮ್ ಬ್ರೇಕಿಗೆ ಮಾಡಿದ ಹಲವು ಮಾಸ್ಟರ್ ಸಿಲಿಂಡರುಗಳ ತುದಿಯಲ್ಲಿ ಒಂದು ಪುಟ್ಟ ಕವಾಟವಿರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಕೊಳವೆಯಲ್ಲಿ ಸುಮಾರು 0.07 ಮೆಗಾಪ್ಯಾಸ್ಕಲ್ ಒತ್ತಡವನ್ನು ಉಳಿಸುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯುವ ಗಟ್ಟಿ ಸ್ಪ್ರಿಂಗ್ ಇರುವುದರಿಂದ ಇದರಿಂದ ತೊಂದರೆಯಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. 54 ಮಿ.ಮೀ. ಪಿಸ್ಟನ್ ಮೇಲೆ ಆ ಒತ್ತಡ 160 ನ್ಯೂಟನ್ ಬಲವಾಗುತ್ತದೆ, ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪ್ರತಿ ಮುಂಚಕ್ರದಲ್ಲಿ ವ್ಯಯವಾಗುವ ಸಾಮರ್ಥ್ಯ 700 ವ್ಯಾಟ್‌ವರೆಗೆ ಹೋಗಬಹುದು. ಪಿಸ್ಟನ್ ಸೀಲಿನ ಸ್ಥಿತಿಸ್ಥಾಪಕತ್ವ ಇದನ್ನು ಕೊಂಚ ತಗ್ಗಿಸೀತು. ಆದರೂ ಚಕ್ರದೊಳಗೆ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಚ್ಚಿಟ್ಟು ಪ್ರಯಾಣ ಹೊರಟಂತೆ. ಡಿಸ್ಕಿನ ಕೊಳವೆಗೆ ಈ ಕವಾಟ ಇರಬಾರದು, ಹಿಂದಿನ ಡ್ರಮ್ಮಿನ ಕೊಳವೆಗೆ ಇರಬೇಕು. ಆದ್ದರಿಂದ ಎರಡು ಪ್ರತ್ಯೇಕ ಕೋಣೆಗಳುಳ್ಳ ಮಾಸ್ಟರ್ ಸಿಲಿಂಡರನ್ನೇ ಹಾಕಿಸುವುದು ಉತ್ತಮ. ಒಂದು ಹೋಸ್ ಒಡೆದರೂ ಅರ್ಧ ಬ್ರೇಕ್ ಉಳಿಯುತ್ತದೆ ಎಂಬ, ಇದಕ್ಕಿಂತ ದೊಡ್ಡ ಕಾರಣವೂ ಇದೆ.

ಹೋಸಿನ ಮರೆಯ ಬಗ್ಗೆಯೂ ಹೇಳಬೇಕು. ಬ್ರಿಟಿಷ್ ಮೂಲದ ಭಾಗಗಳಲ್ಲಿ 3/8 ಅಂಗುಲದ, ಅಂಗುಲಕ್ಕೆ 24 ಸುತ್ತಿನ ಮರೆ ಸಾಮಾನ್ಯ. ಮೆಟ್ರಿಕ್ ಭಾಗಗಳಲ್ಲಿ 10 ಮಿ.ಮೀ. ವ್ಯಾಸದ, 1 ಮಿ.ಮೀ. ಅಂತರದ ಮರೆ. ಮೊದಲನೆಯದರ ವ್ಯಾಸ 9.53 ಮಿ.ಮೀ., ಅಂತರ 1.06 ಮಿ.ಮೀ. ಸಣ್ಣದು ದೊಡ್ಡದರೊಳಗೆ ಕೈಯಲ್ಲೇ ತಿರುಗಿ ಕೂರುತ್ತದೆ, ಸ್ಪ್ಯಾನರಿಗೆ ಬಿಗಿಯಾದಂತೆಯೂ ಭಾಸವಾಗುತ್ತದೆ. ಹಿಡಿದಿರುವುದು ಮಾತ್ರ ಮರೆಯ ತುದಿಗಳು. ಬೇರೆ ಬೇರೆ ಕಾರುಗಳ ಭಾಗಗಳನ್ನು ಬೆರೆಸುವಾಗ ‘ಕೂತಿತು’ ಎಂಬುದು ಪ್ರಮಾಣವಲ್ಲ.

ಬ್ರಾಕೆಟ್ಟಿನ ಬೋಲ್ಟುಗಳೂ ಹಾಗೆಯೇ. 0.7 ಜಿಯಲ್ಲಿ ನಿಲ್ಲುವಾಗ ಪ್ರತಿ ಮುಂಚಕ್ರಕ್ಕೆ ಸುಮಾರು 720 ನ್ಯೂಟನ್ ಮೀಟರ್ ಬೇಕು. 100 ಮಿ.ಮೀ. ತ್ರಿಜ್ಯದಲ್ಲಿ ಅದು 7,200 ನ್ಯೂಟನ್. ಕ್ಯಾಲಿಪರ್ ತನ್ನ ಬ್ರಾಕೆಟ್ಟನ್ನು ಮುಕ್ಕಾಲು ಟನ್ನಿನಷ್ಟು ಬಲದಿಂದ ಎಳೆಯುತ್ತದೆ. ಇದನ್ನು ಬೋಲ್ಟಿನ ಕಾಂಡ ತಡೆಯಬಾರದು. ಬೋಲ್ಟ್ ಬಿಗಿದ ಎರಡು ಮೈಗಳ ನಡುವಿನ ಘರ್ಷಣೆ ತಡೆಯಬೇಕು. ತಲೆಯ ಮೇಲೆ 8.8 ಎಂದು ಅಚ್ಚಾದ 10 ಮಿ.ಮೀ. ಬೋಲ್ಟುಗಳು ಎರಡಿದ್ದರೆ ಸರಿಯಾಗಿ ಬಿಗಿದಾಗ ತಡೆಯಬಲ್ಲದ್ದು 7,800 ನ್ಯೂಟನ್ನಿನ ಆಸುಪಾಸು. ಹೆಚ್ಚು ಉಳಿಕೆ ಇಲ್ಲ. 12 ಮಿ.ಮೀ. ಆದರೆ 11,000 ದಾಟುತ್ತದೆ. 4.6 ದರ್ಜೆಯ ಸಾಧಾರಣ 10 ಮಿ.ಮೀ. ಬೋಲ್ಟುಗಳಾದರೆ 3,000ವನ್ನೂ ಮುಟ್ಟುವುದಿಲ್ಲ. ಪೀಣ್ಯದಲ್ಲಿ ಬ್ರಾಕೆಟ್ಟನ್ನು ನೂರನೇ ಒಂದು ಮಿಲಿಮೀಟರ್ ನಿಖರತೆಯಲ್ಲಿ ಮಾಡಿಸಿ, ಅದಕ್ಕೆ ಡಬ್ಬದಲ್ಲಿ ಕೈಗೆ ಸಿಕ್ಕ ಬೋಲ್ಟ್ ಹಾಕುವುದು ನಮ್ಮ ಜಾಣತನದ ಒಂದು ವಿಚಿತ್ರ ಮಾದರಿ.

ಇಷ್ಟೆಲ್ಲ ಟೀಕಿಸಿದ ಮೇಲೆ ಡಿಸ್ಕಿನ ನಿಜವಾದ ಲಾಭವನ್ನು ಹೇಳದಿದ್ದರೆ ಅನ್ಯಾಯವಾದೀತು. ಲಾಭ ಬಲದಲ್ಲಿಲ್ಲ, ಕಾವನ್ನು ಸಹಿಸುವುದರಲ್ಲಿದೆ. ಇಬ್ಬರು ಕುಳಿತ 1,050 ಕಿ.ಗ್ರಾಂ. ಕಾರು 80 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ 2.6 ಲಕ್ಷ ಜೂಲ್. 4 ಕಿ.ಗ್ರಾಂ. ತೂಕದ ಬೀಡು ಕಬ್ಬಿಣದ ಡಿಸ್ಕ್ ಇದರಿಂದ ಸುಮಾರು 50 ಡಿಗ್ರಿ ಬಿಸಿಯಾಗುತ್ತದೆ, ಅಷ್ಟೇ. ಘಾಟಿ ಬೇರೆ ಮಾತು. 700 ಮೀಟರ್ ಇಳಿದರೆ ಕಳೆಯಬೇಕಾದ ಶಕ್ತಿ 72 ಲಕ್ಷ ಜೂಲ್, ಅಂಥ 28 ನಿಲುಗಡೆಗಳಿಗೆ ಸಮ. ಗಾಳಿಯೂ ಎಂಜಿನ್ನೂ ನೆರವಾಗದಿದ್ದರೆ ಡಿಸ್ಕ್ ಕರಗಿಹೋಗುವಷ್ಟು ಕಾವು ಅದು. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಬಿಸಿಯಾದ ಡಿಸ್ಕ್ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಕಾವಿಗೆ ಘರ್ಷಣಾಂಕ 0.4ರಿಂದ 0.3ಕ್ಕೆ ಇಳಿದರೆ ಡಿಸ್ಕ್ ಕಾಲು ಭಾಗ ಬಲ ಕಳೆದುಕೊಳ್ಳುತ್ತದೆ. ತನ್ನನ್ನು ತಾನೇ ಬಿಗಿದುಕೊಳ್ಳುವ ಡ್ರಮ್ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಡಿಸ್ಕಿನ ಹೊರವ್ಯಾಸ ಮತ್ತು ತೂಕ ಮುಖ್ಯವಾಗುವುದು ಇಲ್ಲಿ. ‘ದೊಡ್ಡದು ಒಳ್ಳೆಯದು’ ಎಂಬ ಮಾತಿನ ಅರ್ಧ ಸತ್ಯ ಇದೇ. ಅಂದಕ್ಕಾಗಿ ತೂತು ಕೊರೆದ ಡಿಸ್ಕ್ ಬೇಡ. ಕಾವನ್ನು ನುಂಗಬೇಕಾದ ಕಬ್ಬಿಣವನ್ನೇ ಕೊರೆದು ತೆಗೆದು ಅದಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. ಬ್ರೇಕ್ ಎಣ್ಣೆಯನ್ನೂ ಮರೆಯಬಾರದು. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ, ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155.

ಕಾನೂನಿನ ಬಗ್ಗೆ ಎರಡೇ ಮಾತು. ವಾಹನದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿಯಂತ್ರಿಸುತ್ತದೆ. 50 ವರ್ಷ ಮೀರಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ 2021ರ ನಿಯಮಗಳು ವಾಹನ ಮೂಲರೂಪದಲ್ಲಿ ಉಳಿದಿರಬೇಕು ಎನ್ನುತ್ತವೆ. 1970ರ ದಶಕದ ಪದ್ಮಿನಿಗಳು ಈಗ ಒಂದೊಂದಾಗಿ ಆ ವಯಸ್ಸಿಗೆ ಬರುತ್ತಿವೆ. ಆದ್ದರಿಂದ ಮೂಲ ಸ್ಟಬ್ ಆಕ್ಸಲನ್ನು ಕೊಯ್ಯದೆ, ಕೊರೆಯದೆ, ಬೇಕೆಂದಾಗ ಹಳೆಯ ಡ್ರಮ್ಮನ್ನು ಮರಳಿ ಹಾಕಲು ಬರುವಂಥ ಬ್ರಾಕೆಟ್ಟನ್ನೇ ಆರಿಸುವುದು ಒಳಿತು.

ಶಿಕ್ಷಕ ಮಿತ್ರರಿಗೆ ಒಂದು ಸೂಚನೆ. ನಿಲ್ಲುವ ದೂರದ ಆ ಉದಾಹರಣೆಯನ್ನು ಮುಗಿಸಿದ ಮೇಲೆ ಅದೇ ಕಾರಿಗೆ ಎರಡು ಅಚ್ಚು ಕೊಟ್ಟು ಮುಂದುವರಿಸಬಹುದು. ಗುಜರಿಯಲ್ಲಿ ಸಿಗುವ ಹಳೆಯ ಕ್ಯಾಲಿಪರ್ ಮತ್ತು ವ್ಹೀಲ್ ಸಿಲಿಂಡರನ್ನು ತರಗತಿಗೆ ತಂದು, ಒಳವ್ಯಾಸಗಳನ್ನು ವಿದ್ಯಾರ್ಥಿಗಳೇ ವರ್ನಿಯರ್‌ನಿಂದ ಅಳೆಯಲಿ. ಮೇಲಿನ ಕಾರಿನ ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಭಾರದ ಶೇ. 56 ಹಿಂದಿನ ಚಕ್ರಗಳ ಮೇಲೆ ಬಿದ್ದರೆ 48 ಮಿ.ಮೀ. ಕ್ಯಾಲಿಪರ್‌ನ ಗಡಿ ಎಷ್ಟಾಗುತ್ತದೆ ಎಂದು ಕೇಳಿ. ಗುರುತ್ವಕೇಂದ್ರದ ಎತ್ತರ ಬದಲಾಗಿಲ್ಲ ಎಂದುಕೊಂಡರೆ ಉತ್ತರ 0.88 ಜಿ. ಮನೆಮಂದಿಯೆಲ್ಲ ಕುಳಿತಾಗ ನೆಟ್ಟಗೆ ನಿಲ್ಲುವ ಕಾರು, ಒಬ್ಬರೇ ಓಡಿಸುವಾಗ ಏಕೆ ಗಿರಕಿ ಹೊಡೆಯಬಹುದು ಎಂಬುದನ್ನು ಅವರೇ ವಿವರಿಸಲಿ.